ತರಬೇತಿ ಮುಗಿದ ಮೇಲೆ ರೇಷ್ಮೆ ಮನೆಗೆ ಹೋಗಿ ನೋಡೋಣ

(ಶಿಡ್ಲಘಟ್ಟದಲ್ಲಿ ತರಬೇತಿ ನಡೆಸುವವರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ರೇಷ್ಮೆ ಕೆಲಸದವರಿದ್ದೀರಿ, ಹಾಲಿನ ಸಂಘದವರಿದ್ದೀರಿ, ಸ್ವಸಹಾಯ ಸಂಘಗಳ ಜೊತೆ ಓಡಾಡುವ ಅಕ್ಕಂದಿರಿದ್ದೀರಿ. ಹೊಲಿಗೆ, ಕಂಪ್ಯೂಟರ್ ಕಲಿಸುವವರೂ ಬಂದಿದ್ದೀರಿ. ಕೆಲಸ ಬೇರೆ ಬೇರೆ, ಆದರೆ ಎಲ್ಲರೂ ತರಬೇತಿ ಕೊಡುವವರೇ. ಅದಕ್ಕೇ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಿಬಿಡುತ್ತೇನೆ. ಹೋದ ವರ್ಷ ನೀವು ಕೊಟ್ಟ ತರಬೇತಿಗಳಿಂದ ಏನಾಯಿತು?

ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಸಂಖ್ಯೆ. ಇಷ್ಟು ಬ್ಯಾಚ್ ಆಯಿತು, ಇಷ್ಟು ಜನ ಬಂದರು, ಎಲ್ಲರಿಗೂ ಪ್ರಮಾಣಪತ್ರ ಕೊಟ್ಟೆವು. ಸಂಖ್ಯೆ ಬೇಡ ಅಂತ ನಾನು ಹೇಳುವುದಿಲ್ಲ. ಹಾಜರಾತಿ ಬೇಕು, ಲೆಕ್ಕಪತ್ರ ಬೇಕು. ಆದರೆ ಹಳ್ಳಿಯ ಡೈರಿಯಲ್ಲಿ ಬರೀ ಲೀಟರ್ ನೋಡಿ ದುಡ್ಡು ಕೊಡುತ್ತಾರಾ? ಫ್ಯಾಟ್ ಎಷ್ಟಿದೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟಿದೆ ಅಂತ ನೋಡಿಯೇ ಕೊಡುವುದು. ತರಬೇತಿ ವಿಷಯದಲ್ಲಿ ಮಾತ್ರ ನಾವು ಲೀಟರ್ ಬರೆದುಕೊಂಡು ಮನೆಗೆ ಹೋಗುತ್ತಿದ್ದೇವೆ. ಮಾರ್ಚ್ ಬಂತು ಅಂದರೆ ಉಳಿದ ಬ್ಯಾಚ್‌ಗಳನ್ನು ಮುಗಿಸುವ ಆತುರ. ಬ್ಯಾನರ್ ಕಟ್ಟಿ ಫೋಟೊ ತೆಗೆದರೆ ಆ ಕಡತ ಮುಚ್ಚಿತು.

ಇದು ನಮ್ಮ ಜಿಲ್ಲೆಯ ಕಥೆ ಮಾತ್ರ ಅಲ್ಲ, ಹೊಸ ಸಮಸ್ಯೆಯೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅಂತ ಒಬ್ಬ ಪ್ರಾಧ್ಯಾಪಕರಿದ್ದರು. ಕಂಪನಿಗಳಲ್ಲಿ ಕೊಡುವ ತರಬೇತಿಯಿಂದ ಏನಾದರೂ ಪ್ರಯೋಜನ ಆಗುತ್ತಿದೆಯಾ ಅಂತ ತಿಳಿಯಲು ಅವರು 1959ರಲ್ಲಿ ತರಬೇತಿದಾರರ ಪತ್ರಿಕೆಯೊಂದರಲ್ಲಿ ಲೇಖನಗಳ ಸರಣಿ ಶುರು ಮಾಡಿದರು. ಅವರು ಕೇಳಿದ್ದು ನಾಲ್ಕು ಪ್ರಶ್ನೆ. ಬಂದವರಿಗೆ ತರಬೇತಿ ಹಿಡಿಸಿತಾ? ಅವರು ಏನಾದರೂ ಕಲಿತರಾ? ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರಾ? ಹಾಗೆ ಮಾಡಿದ್ದರಿಂದ ಫಲ ಸಿಕ್ಕಿತಾ? ಇವತ್ತಿಗೂ ಜಗತ್ತಿನ ತುಂಬ ತರಬೇತಿಯನ್ನು ಅಳೆಯುವವರು ಹಿಡಿಯುವುದು ಈ ನಾಲ್ಕು ಮೆಟ್ಟಿಲನ್ನೇ. ಕಷ್ಟ ಏನೆಂದರೆ ಮೊದಲ ಮೆಟ್ಟಿಲು ಹತ್ತುವುದು ಸುಲಭ, ಖರ್ಚೂ ಕಡಿಮೆ. ಹಾಗಾಗಿ ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ.

ಮೊದಲ ಮೆಟ್ಟಿಲು ಅಂದರೆ ನಾವು ಕೊನೆಯ ದಿನ ಹಂಚುವ ಅಭಿಪ್ರಾಯದ ಫಾರಂ. ತುಂಬ ಚೆನ್ನಾಗಿತ್ತು, ಚೆನ್ನಾಗಿತ್ತು, ಪರವಾಗಿಲ್ಲ. ಅದನ್ನು ಹಂಚುವ ಹೊತ್ತನ್ನು ಸ್ವಲ್ಪ ಜ್ಞಾಪಿಸಿಕೊಳ್ಳಿ. ಸಂಜೆ ನಾಲ್ಕೂವರೆ ಆಗಿರುತ್ತದೆ. ಬಾಗೇಪಲ್ಲಿ ಕಡೆಯಿಂದ ಬಂದವರಿಗೆ ಬಸ್ಸಿನ ಚಿಂತೆ. ಮನೆಯಲ್ಲಿ ಹಸು ಕರೆಯಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತಾಡುವುದು ತೆಲುಗು, ಫಾರಂ ಇರುವುದು ಪುಸ್ತಕದ ಕನ್ನಡದಲ್ಲಿ. ಬರೆಯಲು ಬಾರದ ಅಕ್ಕಂದಿರ ಪಕ್ಕ ನಾವೇ ಕೂತು, ‘ಚೆನ್ನಾಗಿತ್ತು ಅಲ್ವಾ ಅಕ್ಕ?’ ಅಂತ ಕೇಳಿ ಟಿಕ್ ಹಾಕುತ್ತೇವೆ. ಎರಡು ದಿನ ಊಟ ಹಾಕಿ ಪ್ರೀತಿಯಿಂದ ಮಾತಾಡಿಸಿದವರ ಮುಂದೆ ಚೆನ್ನಾಗಿರಲಿಲ್ಲ ಅಂತ ಯಾರು ಹೇಳುತ್ತಾರೆ? ಆ ಟಿಕ್‌ನಿಂದ ತಿಳಿಯುವುದು ನಮ್ಮ ಜನರ ಮರ್ಯಾದೆ, ತರಬೇತಿಯ ಫಲ ಅಲ್ಲ.

ಇದರ ಬಗ್ಗೆ ಸಂಶೋಧನೆಯೂ ಆಗಿದೆ. ಜಾರ್ಜ್ ಅಲಿಗರ್ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1997ರಲ್ಲಿ ಒಂದು ಲೇಖನ ಬರೆದರು. ತರಬೇತಿ ಇಷ್ಟವಾಯಿತು ಅನ್ನುವುದಕ್ಕೂ ಆಮೇಲೆ ಕೆಲಸದಲ್ಲಿ ಅದನ್ನು ಬಳಸುವುದಕ್ಕೂ ಸಂಬಂಧ ಬಹಳ ಕಡಿಮೆ ಅಂತ ಅದರಲ್ಲಿ ಕಂಡಿತು. ‘ಇದು ನನ್ನ ಕೆಲಸಕ್ಕೆ ಬರುತ್ತದೆ’ ಅನ್ನುವ ಅಭಿಪ್ರಾಯಕ್ಕೆ ಸಂಬಂಧ ಸ್ವಲ್ಪ ಜಾಸ್ತಿ ಇತ್ತು. ಆದ್ದರಿಂದ ಫಾರಂ ಬಿಡಬೇಡಿ, ಪ್ರಶ್ನೆ ಬದಲಾಯಿಸಿ. ‘ಮುಂದಿನ ಬೆಳೆಯಲ್ಲಿ ನೀವು ಬೇರೆ ಥರ ಮಾಡುವ ಒಂದು ಕೆಲಸ ಯಾವುದು? ಅದಕ್ಕೆ ಏನು ಅಡ್ಡ ಬರಬಹುದು?’ ಇಷ್ಟೇ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಎರಡನೇ ಪ್ರಶ್ನೆಗೆ ಬರುವ ಉತ್ತರ ಬಂಗಾರ. ಅದನ್ನು ಕೊನೆಯ ದಿನಕ್ಕೆ ಕಾಯದೆ ಮೊದಲ ದಿನವೇ ಕೇಳಿದರೆ ಇನ್ನೂ ಒಳ್ಳೆಯದು.

ಎರಡನೇ ಮೆಟ್ಟಿಲು ಕಲಿಕೆ. ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಒಂದೇ ಮಾತು: ಬಾಯಿಪಾಠದ ಪರೀಕ್ಷೆ ಬಿಟ್ಟು ಕೈಕೆಲಸದ ಪರೀಕ್ಷೆ ಇಡಿ. ರೇಷ್ಮೆ ಮನೆಯ, ಅಂದರೆ ಹುಳ ಸಾಕುವ ಮನೆಯ, ಸೋಂಕು ನಿವಾರಣೆಗೆ ಬ್ಲೀಚಿಂಗ್ ಪುಡಿ ಎಷ್ಟು ಪರ್ಸೆಂಟ್ ಅಂತ ಕೇಳಿದರೆ ಎರಡು ಅಂತ ಎಲ್ಲರೂ ಹೇಳುತ್ತಾರೆ. ಅದರ ಬದಲು ಒಂದು ಡ್ರಮ್ ಇಟ್ಟು, ‘ಇದರಲ್ಲಿ 100 ಲೀಟರ್ ನೀರಿದೆ, ಕಲಸಿ ತೋರಿಸಿ’ ಅನ್ನಿ. 2 ಕೆಜಿ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ ತೂಕ ಹಾಕಿ ಕಲಸಿದವರಿಗೆ ಬಂತು ಅಂತ ಅರ್ಥ. ಎರಡು ಕಂತೆ ಸೊಪ್ಪು ಮುಂದಿಟ್ಟು ಚಾಕಿ ಹುಳಕ್ಕೆ (ಎಳೆಯ ಹುಳಕ್ಕೆ) ಯಾವುದು ಅಂತ ಆರಿಸಲು ಹೇಳಿ. ಹಸುವಿನ ಕೆಚ್ಚಲು ಬಾವು ಪತ್ತೆ ಮಾಡುವುದನ್ನು ಕಲಿಸಿದ್ದೀರಾ? ಕೊಟ್ಟಿಗೆಯಲ್ಲೇ ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ ಹೇಳಲಿ.

ಇನ್ನು ಮೂರನೇ ಮೆಟ್ಟಿಲು. ಇವತ್ತು ನಾನು ಬಂದಿರುವುದೇ ಇದರ ಬಗ್ಗೆ ಮಾತಾಡಲು.

ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿ ರೇಷ್ಮೆ ಮನೆಯೊಂದಕ್ಕೆ ಹೋಗಿದ್ದೆ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹೊತ್ತನ್ನು ಹೀಗನ್ನುತ್ತಾರೆ) ಎದ್ದು ಐದನೇ ಹಂತದಲ್ಲಿತ್ತು. ಯಜಮಾನರು ತರಬೇತಿಗೆ ಬಂದಿದ್ದವರು. ಕಲಿತದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಹುಳಕ್ಕೆ ಹಾಲುತೊಂಡೆ ರೋಗ ಹೇಗೆ ಬರುತ್ತದೆ, ಸುಣ್ಣಕಟ್ಟು ರೋಗ ಯಾವಾಗ ಜಾಸ್ತಿ, ಊಜಿ ನೊಣಕ್ಕೆ ಕಿಟಕಿಗೆ ಬಲೆ ಯಾಕೆ ಹಾಕಬೇಕು, ಎಲ್ಲ ಸರಿ. ಪರೀಕ್ಷೆ ಇಟ್ಟರೆ ನೂರಕ್ಕೆ ನೂರು. ಬಾಗಿಲಲ್ಲಿ ಕಾಲು ಅದ್ದಿ ಬರಲು ಒಂದು ಟ್ರೇ ಇತ್ತು. ಅದರಲ್ಲಿ ಬ್ಲೀಚಿಂಗ್ ನೀರು ಇರಬೇಕು. ಟ್ರೇ ಒಣಗಿ ಬಿರುಕು ಬಿಟ್ಟಿತ್ತು, ಒಳಗೆ ಹಳೆಯ ಸೊಪ್ಪಿನ ಕಡ್ಡಿ ಬಿದ್ದಿದ್ದವು.

ಒಳಗೆ ಸೊಪ್ಪು ಹಾಕುತ್ತಿದ್ದದ್ದು ಅವರ ಹೆಂಡತಿ. ‘ಯಾಕಕ್ಕ, ಇದಕ್ಕೆ ನೀರು ಹಾಕಿಲ್ಲ?’ ಅಂದೆ. ಆಕೆ ಸೊಪ್ಪು ಹರಡುತ್ತಲೇ ಹೇಳಿದರು: ‘ಟ್ರೈನಿಂಗ್‌ನಿಂದ ಬಂದ ದಿನ ಇವರು ತಂದಿಟ್ಟರು. ಯಾಕೆ ಅಂತ ಹೇಳಲಿಲ್ಲ. ನಾನು ಸೊಪ್ಪಿನ ಹೊರೆ ಹೊತ್ತು ದಿನಕ್ಕೆ ಎಷ್ಟು ಸಲ ಒಳಗೆ ಹೊರಗೆ ಓಡಾಡ್ತೀನಿ ಸಾರ್. ಅದರಲ್ಲಿ ಕಾಲಿಟ್ಟು ಇಟ್ಟು ಹಿಮ್ಮಡಿ ಬಿರಿದು ರಕ್ತ ಬಂತು. ಅದಕ್ಕೇ ಬಿಟ್ಟೆ.’

ಈ ಮಾತಿನಲ್ಲಿ ಎರಡು ವಿಷಯ ಇದೆ, ಎರಡೂ ತುಂಬ ದೊಡ್ಡವು. ತರಬೇತಿಗೆ ಬಂದವರು ಒಬ್ಬರು, ದಿನವೂ ಹುಳ ನೋಡಿಕೊಳ್ಳುವವರು ಇನ್ನೊಬ್ಬರು. ನಮ್ಮ ಕಡೆ ರೇಷ್ಮೆ ಮನೆಯ ಒಳಗಿನ ಕೆಲಸದ ಹೆಚ್ಚಿನ ಪಾಲು ಹೆಂಗಸರದು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಆದರೂ ಪಹಣಿ ಯಾರ ಹೆಸರಲ್ಲಿದೆಯೋ ಅವರನ್ನೇ ತರಬೇತಿಗೆ ಕರೆಯುತ್ತೇವೆ. ಎರಡನೆಯದು, ನಾವು ಹೇಳಿಕೊಟ್ಟದ್ದು ಸರಿಯೇ ಇರಬಹುದು, ಆದರೆ ಬರಿಗಾಲಲ್ಲಿ ಓಡಾಡುವವರಿಗೆ ಅದು ನೋವು ಕೊಡುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ರೇಷ್ಮೆ ಮನೆಗೆ ಅಂತಲೇ ಬೇರೆ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟಿದ್ದರೆ ಮುಗಿಯುತ್ತಿತ್ತು. ಸಭಾಂಗಣದಲ್ಲಿ ಕೂತು ಸಾವಿರ ಫಾರಂ ತುಂಬಿಸಿದ್ದರೂ ಆ ಚಪ್ಪಲಿಯ ವಿಷಯ ಹೊರಗೆ ಬರುತ್ತಿರಲಿಲ್ಲ.

ಇನ್ನೊಂದು ಮನೆಯಲ್ಲಿ ಕಂಡದ್ದು ಬೇರೆ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದರು. ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ತೊಳೆದು ಬಿಸಿಲಿಗೆ ಹಾಕಿದ್ದರು, ಗೋಡೆ ನೆಲಕ್ಕೆ ಔಷಧಿ ಹೊಡೆದಿದ್ದರು. ಆದರೂ ಹಾಲುತೊಂಡೆ ಬಂದು ಅರ್ಧ ಬೆಳೆ ಹೋಯಿತು. ‘ನಿಮ್ಮ ಟ್ರೈನಿಂಗ್ ಕೇಳಿ ಏನು ಸಿಕ್ತು?’ ಅಂತ ಅವರು ಬೇಜಾರಿನಿಂದಲೇ ಕೇಳಿದರು. ಬ್ಲೀಚಿಂಗ್ ಪುಡಿ ಎಲ್ಲಿಟ್ಟಿದ್ದೀರಿ ಅಂದರೆ ಒಂದು ಗೋಣಿಚೀಲ ತೋರಿಸಿದರು. ಬಾಯಿ ಬಿಚ್ಚಿಟ್ಟ ಚೀಲ, ತೇವ ಹಿಡಿದು ಗಂಟುಗಂಟಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಘಾಟೇ ಇಲ್ಲ. ಒಳ್ಳೆಯ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು 30 ಪರ್ಸೆಂಟ್ ಕ್ಲೋರಿನ್ ಇರಬೇಕು. ಗಾಳಿ, ತೇವ ತಗುಲಿದರೆ ಅದು ಹಾರಿಹೋಗುತ್ತದೆ, ಉಳಿಯುವುದು ಬರೀ ಸುಣ್ಣದಂಥ ಪುಡಿ. ಇಲ್ಲಿ ಕಲಿತವರ ಲೋಪ ಏನೂ ಇಲ್ಲ. ಪುಡಿಯನ್ನು ಹೇಗೆ ಇಡಬೇಕು, ಕೊಳ್ಳುವಾಗ ಏನು ನೋಡಬೇಕು ಅನ್ನುವುದು ಪಾಠದಲ್ಲಿ ಇರಲಿಲ್ಲ, ಅಷ್ಟೆ.

1988ರಲ್ಲಿ ಟಿಮತಿ ಬಾಲ್ಡ್‌ವಿನ್, ಕೆವಿನ್ ಫೋರ್ಡ್ ಅನ್ನುವ ಇಬ್ಬರು ಇದೇ ವಿಷಯದ ಮೇಲೆ ಒಂದು ಲೇಖನ ಬರೆದಿದ್ದಾರೆ. ಕಲಿತದ್ದು ಕೆಲಸಕ್ಕೆ ಇಳಿಯುವುದು ಮೂರರ ಮೇಲೆ ನಿಂತಿದೆ ಅಂತ ಅವರು ವಿಂಗಡಿಸಿದರು. ಒಂದು, ಕಲಿಯುವವರು ಎಂಥವರು. ಇನ್ನೊಂದು, ತರಬೇತಿ ಹೇಗಿತ್ತು. ಮೂರನೆಯದು, ವಾಪಸ್ ಹೋದ ಜಾಗದಲ್ಲಿ ಅದಕ್ಕೆ ಅನುಕೂಲ ಇದೆಯಾ. ಫಲ ಸಿಗದಿದ್ದಾಗ ನಾವು ಸಲೀಸಾಗಿ ಬೆರಳು ತೋರಿಸುವುದು ಮೊದಲನೆಯದರ ಕಡೆ. ‘ಎಷ್ಟು ಹೇಳಿದರೂ ಇವರು ಮಾಡಲ್ಲ ಸಾರ್’ ಅನ್ನುತ್ತೇವೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೋಗಿ ನೋಡಿದಾಗ ನನಗೆ ಹೆಚ್ಚಾಗಿ ಕಂಡಿರುವ ಅಡ್ಡಿಗಳು ಮೂರನೆಯ ಗುಂಪಿನವು. ಕರೆಂಟ್ ಇಲ್ಲ, ಸಾಮಾನು ಸಿಗಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ, ಮನೆಯ ಹಿರಿಯರು ಒಪ್ಪಲಿಲ್ಲ, ಕಾಲು ಬಿರಿಯಿತು.

ಹಾಗಾಗಿ ಮನೆಗೆ ಹೋದಾಗ ‘ಮಾಡ್ತಿದ್ದೀರಾ?’ ಅಂತ ಕೇಳಬೇಡಿ. ‘ಹೂಂ’ ಅಂತಲೇ ಉತ್ತರ ಬರುತ್ತದೆ. ‘ತೋರಿಸಿ’ ಅನ್ನಿ. ಆದಷ್ಟೂ ಪಾಠ ಮಾಡಿದವರನ್ನು ಬಿಟ್ಟು ಬೇರೆಯವರು ಹೋಗಲಿ. ಕಲಿಸಿದ ಮೇಷ್ಟ್ರ ಎದುರು ನಿಮ್ಮ ಪಾಠ ಉಪಯೋಗಕ್ಕೆ ಬರಲಿಲ್ಲ ಅಂತ ಹೇಳಲು ಯಾರಿಗಾದರೂ ಸಂಕೋಚ. ಶಿಡ್ಲಘಟ್ಟದವರು ನಡೆಸಿದ ತರಬೇತಿಯನ್ನು ಗೌರಿಬಿದನೂರಿನವರು ನೋಡಿ ಬರಲಿ, ಅವರದನ್ನು ಇವರು ನೋಡಲಿ. ಇದಕ್ಕೆ ಆದೇಶ ಬೇಕಾಗಿಲ್ಲ, ಪರಸ್ಪರ ಒಪ್ಪಿದರೆ ಸಾಕು.

ನಾಲ್ಕನೇ ಮೆಟ್ಟಿಲು ಫಲ. ರೇಷ್ಮೆಯಲ್ಲಿ ಇದನ್ನು ಅಳೆಯುವುದು ಬೇರೆ ಕಸುಬುಗಳಿಗಿಂತ ಸುಲಭ. 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ಇಲ್ಲಿ ಒಂದು ಮೊಟ್ಟೆ ಅನ್ನುವುದು) ಎಷ್ಟು ಕೆಜಿ ಗೂಡು ಬಂತು ಅನ್ನುವುದು ಪ್ರತಿ ಬೆಳೆಗಾರರ ಬಾಯಲ್ಲೂ ಇರುವ ಲೆಕ್ಕ. ಮಾರುಕಟ್ಟೆಯ ಚೀಟಿಯಲ್ಲಿ ತೂಕವೂ ಇರುತ್ತದೆ, ದರವೂ ಇರುತ್ತದೆ. ಹೊಸದಾಗಿ ಸರ್ವೆ ಮಾಡುವ ಅಗತ್ಯವೇ ಇಲ್ಲ, ಚೀಟಿ ಇಟ್ಟುಕೊಳ್ಳಿ ಅಂತ ತರಬೇತಿಯ ದಿನವೇ ಹೇಳಿದರೆ ಸಾಕು. ಆದರೆ ರೂಪಾಯಿ ನೋಡಬೇಡಿ, ಕೆಜಿ ನೋಡಿ. ಗೂಡಿನ ದರ ಏರುವುದು ಇಳಿಯುವುದು ನಮ್ಮ ತರಬೇತಿಯಿಂದ ಅಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಫೆಬ್ರವರಿ ಬೆಳೆಯನ್ನು ಏಪ್ರಿಲ್ ಬೆಳೆಯ ಜೊತೆ ಹೋಲಿಸಬೇಡಿ. ದೊಡ್ಡ ಹುಳಕ್ಕೆ ಬೇಕಾದದ್ದು 24–25 ಡಿಗ್ರಿ. ಬೇಸಿಗೆಯಲ್ಲಿ ನಮ್ಮ ಶೀಟಿನ ಶೆಡ್ಡುಗಳ ಒಳಗೆ ಎಷ್ಟಿರುತ್ತದೆ ಅಂತ ಒಳಗೆ ನಿಂತವರಿಗೆ ಗೊತ್ತು. ಈ ಏಪ್ರಿಲ್ ಬೆಳೆಯನ್ನು ಹೋದ ಏಪ್ರಿಲ್ ಬೆಳೆಯ ಜೊತೆಗೇ ಇಟ್ಟು ನೋಡಬೇಕು.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಗಮನ ಕೊಡಿ. ತರಬೇತಿಗೆ ಮುಂಚೆ ಇಷ್ಟಿತ್ತು, ಆಮೇಲೆ ಇಷ್ಟಾಯಿತು, ಆದ್ದರಿಂದ ಇದು ತರಬೇತಿಯ ಫಲ ಅಂತ ನಾವು ವರದಿ ಬರೆಯುತ್ತೇವೆ. ಈ ಲೆಕ್ಕ ಎಷ್ಟು ಮೋಸ ಮಾಡುತ್ತದೆ ಅಂತ ಕೋಲಾರದ ಟೊಮೆಟೊ ಬೆಳೆಗಾರರಿಗಿಂತ ಚೆನ್ನಾಗಿ ಯಾರೂ ಹೇಳಲಾರರು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದ ದಿನಗಳನ್ನೂ ಕಂಡಿದ್ದೇವೆ. 2023ರ ಫೆಬ್ರವರಿಯಲ್ಲಿ ಯಾರೋ ಟೊಮೆಟೊ ತರಬೇತಿ ಕೊಟ್ಟು, ಆಗಸ್ಟ್‌ನಲ್ಲಿ ಹೋಗಿ ಆದಾಯ ಕೇಳಿದ್ದಾರೆ ಅಂದುಕೊಳ್ಳಿ. ಪಾಠದಲ್ಲಿ ಏನೇ ಹೇಳಿಕೊಟ್ಟಿರಲಿ, ಆ ತರಬೇತಿ ಪವಾಡ ಮಾಡಿದ ಹಾಗೆ ಕಾಣುತ್ತದೆ.

ಇದರ ಇನ್ನೊಂದು ಮುಖ ಕಣ್ಣಿಗೆ ಬೀಳುವುದು ಕಷ್ಟ. ಆರ್ಲಿ ಆಶೆನ್‌ಫೆಲ್ಟರ್ ಅನ್ನುವ ಅರ್ಥಶಾಸ್ತ್ರಜ್ಞರು 1978ರಲ್ಲಿ ಅಮೆರಿಕ ಸರ್ಕಾರದ ಉದ್ಯೋಗ ತರಬೇತಿಗೆ ಸೇರಿದವರ ಸಂಪಾದನೆಯ ಲೆಕ್ಕ ತೆಗೆದು ನೋಡಿದರು. ತರಬೇತಿಗೆ ಸೇರುವುದಕ್ಕೆ ಸ್ವಲ್ಪ ಮುಂಚೆ ಆ ಜನರ ಸಂಪಾದನೆ ಕುಸಿದಿತ್ತು. ಯೋಚಿಸಿದರೆ ಇದು ಸಹಜವೇ. ಕೆಲಸ ಹೋದವರು, ಬೆಳೆ ಕೈಕೊಟ್ಟವರು ತರಬೇತಿ ಹುಡುಕಿಕೊಂಡು ಬರುತ್ತಾರೆ. ಚೆನ್ನಾಗಿ ನಡೆಯುತ್ತಿರುವವರಿಗೆ ಬರಲು ಪುರುಸೊತ್ತಿಲ್ಲ. ಕುಸಿದ ಸಂಪಾದನೆ ಮುಂದಿನ ವರ್ಷ ಎಷ್ಟೋ ಮಟ್ಟಿಗೆ ತಾನಾಗಿಯೇ ಮೇಲೆ ಬರುತ್ತದೆ. ಮುಂಚೆ–ಆಮೇಲೆ ಅಂತ ಮಾತ್ರ ನೋಡಿದರೆ ಆ ಚೇತರಿಕೆಯನ್ನೆಲ್ಲ ತರಬೇತಿಯ ಖಾತೆಗೆ ಜಮಾ ಮಾಡಿದ ಹಾಗಾಗುತ್ತದೆ. ಬರಗಾಲದ ವರ್ಷದ ಮಾರನೇ ವರ್ಷ ನಮ್ಮ ಜಿಲ್ಲೆಗಳಲ್ಲಿ ಯಾವ ತರಬೇತಿಯೂ ಒಳ್ಳೆಯ ಫಲ ಕೊಟ್ಟ ಹಾಗೇ ಕಾಣುತ್ತದೆ.

ಸರಿ, ಬಂದವರನ್ನು ಬರದವರ ಜೊತೆ ಹೋಲಿಸೋಣ ಅಂದರೆ ಅಲ್ಲೂ ತೊಡಕಿದೆ. ತರಬೇತಿಗೆ ಬರುವವರು ಯಾರು? ಕೊಳವೆಬಾವಿಯಲ್ಲಿ ನೀರಿರುವವರು, ಹೊಸದನ್ನು ಮಾಡುವ ಹುಮ್ಮಸ್ಸಿರುವವರು, ಅಧಿಕಾರಿಗಳ ಪರಿಚಯ ಇರುವವರು. ಅವರು ತರಬೇತಿ ಇಲ್ಲದೆಯೂ ಪಕ್ಕದವರಿಗಿಂತ ಮುಂದಿರುತ್ತಿದ್ದರು, ಅಲ್ವಾ?

ಇದಕ್ಕೆ ಅರ್ಥಶಾಸ್ತ್ರಜ್ಞರು ಕಂಡುಕೊಂಡ ದಾರಿ ಚೀಟಿ ಎತ್ತುವುದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ನೊಬೆಲ್ ಬಂದದ್ದು ಬಡತನದ ಪ್ರಶ್ನೆಗಳಲ್ಲಿ ಇಂಥ ಪ್ರಯೋಗಗಳನ್ನು ಬಳಸಿದ್ದಕ್ಕೇ. ನಮಗೆ ಅದು ದೂರದ ವಿಷಯ ಅನ್ನಿಸಬಹುದು, ಆದರೆ ಮಾಡುವುದು ಕಷ್ಟ ಅಲ್ಲ. 30 ಸೀಟಿಗೆ 60 ಅರ್ಜಿ ಬಂದಿವೆ ಅಂದುಕೊಳ್ಳಿ. ಪರಿಚಯದವರನ್ನು ಆರಿಸುವ ಬದಲು ಎಲ್ಲರ ಮುಂದೆ ಚೀಟಿ ಎತ್ತಿ. 30 ಜನ ಈಗ, ಉಳಿದ 30 ಜನ ಮುಂದಿನ ಬ್ಯಾಚ್‌ಗೆ. ಯಾರಿಗೂ ಅನ್ಯಾಯ ಇಲ್ಲ, ಎಲ್ಲರಿಗೂ ತರಬೇತಿ ಸಿಗುತ್ತದೆ. ಎರಡನೇ ಬ್ಯಾಚ್ ಶುರುವಾಗುವ ಮುಂಚೆ ಎರಡೂ ಗುಂಪಿನ ಬೆಳೆ ನೋಡಿ. ಅರ್ಜಿ ಹಾಕುವ ಹುಮ್ಮಸ್ಸು ಎರಡೂ ಕಡೆ ಒಂದೇ, ಮಳೆ ಒಂದೇ, ದರ ಒಂದೇ. ಇಷ್ಟು ಕಡಿಮೆ ಜನರಲ್ಲಿ ಅದೃಷ್ಟದ ಏರುಪೇರು ಇದ್ದೇ ಇರುತ್ತದೆ, ಹಾಗಾಗಿ ಒಂದು ಬ್ಯಾಚ್ ನೋಡಿ ತೀರ್ಪು ಕೊಡಬೇಡಿ. ಹೀಗೇ ನಾಲ್ಕಾರು ಬ್ಯಾಚ್ ನೋಡಿದರೆ ಆ ವ್ಯತ್ಯಾಸ ನಂಬಲು ಯೋಗ್ಯ.

ಕಲಿತವರು ಪಕ್ಕದವರಿಗೆ ಹೇಳುತ್ತಾರೆ, ಊರೆಲ್ಲ ಕಲಿಯುತ್ತದೆ ಅಂತಲೂ ನಾವು ಯೋಜನೆಗಳಲ್ಲಿ ಬರೆಯುತ್ತೇವೆ. ಇಂಡೋನೇಷ್ಯಾದಲ್ಲಿ 1989ರಿಂದ ಭತ್ತದ ರೈತರಿಗೆ ಗದ್ದೆಯಲ್ಲೇ ಪಾಠ ಹೇಳುವ ಕ್ಷೇತ್ರ ಪಾಠಶಾಲೆಗಳು ನಡೆದವು. ಕಂದು ಜಿಗಿಹುಳುವಿನ ಕಾಟ, ವಿಪರೀತ ಕೀಟನಾಶಕ, ಇವು ಅದರ ಹಿಂದಿನ ಕಾರಣ. ಪಾಠದ ಕ್ರಮ ತುಂಬ ಒಳ್ಳೆಯದು, ಕೈಯಾರೆ ನೋಡಿ ಕಲಿಯುವುದು. ಆದರೆ ಗೆರ್ಶನ್ ಫೆಡರ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಳುವರಿಯಾಗಲಿ ಕೀಟನಾಶಕದ ಬಳಕೆಯಾಗಲಿ ಹೇಳಿಕೊಳ್ಳುವಷ್ಟು ಬದಲಾದದ್ದು ಕಾಣಲಿಲ್ಲ, ಪಕ್ಕದ ರೈತರಲ್ಲೂ ಕಾಣಲಿಲ್ಲ. ಬೇರೆ ಥರದ ಫಲಿತಾಂಶ ಕೊಟ್ಟ ಅಧ್ಯಯನಗಳೂ ಇವೆ, ಚರ್ಚೆ ಬಹಳ ನಡೆದಿದೆ. ನನಗೆ ಮುಖ್ಯ ಅನ್ನಿಸುವುದು ಅವರು ಹೋಗಿ ನೋಡಿದರು ಅನ್ನುವುದು. ಊರೆಲ್ಲ ಕಲಿಯಿತು ಅಂತ ಬರೆಯುವ ಮುಂಚೆ ಪಕ್ಕದ ಮನೆಯ ಬಾಗಿಲನ್ನೂ ತಟ್ಟಬೇಕು.

ಯಾವಾಗ ನೋಡಬೇಕು ಅನ್ನುವುದನ್ನು ಬೆಳೆಯೇ ಹೇಳುತ್ತದೆ. ರೇಷ್ಮೆ ಹುಳ ತಿಂಗಳೊಳಗೆ ಗೂಡು ಕಟ್ಟುತ್ತದೆ, ಆರು ತಿಂಗಳಲ್ಲಿ ಎರಡು ಮೂರು ಬೆಳೆ ನೋಡಬಹುದು. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಹಾಗಲ್ಲ. ಹಳೆಯ ಮರವನ್ನು ಕತ್ತರಿಸಿ ಪುನಶ್ಚೇತನ ಮಾಡುವುದನ್ನು ಕಲಿಸಿದ್ದೀರಿ ಅಂದುಕೊಳ್ಳಿ. ಕತ್ತರಿಸಿದ ಮರ ಚಿಗುರಿ ಮತ್ತೆ ಫಸಲಿಗೆ ಬರಲು ಎರಡು ಮೂರು ವರ್ಷ ಬೇಕು. ವರ್ಷಕ್ಕೇ ಹೋಗಿ ಇಳುವರಿ ಕೇಳಿದರೆ, ಪಾಠ ಕೇಳಿ ಮಾಡಿದವರು ನಷ್ಟದಲ್ಲೂ ಕೇಳದೆ ಬಿಟ್ಟವರು ಲಾಭದಲ್ಲೂ ಇರುತ್ತಾರೆ. ಅಲ್ಲಿ ಮೊದಲ ವರ್ಷ ನೋಡಬೇಕಾದದ್ದು ಹಣ್ಣನ್ನಲ್ಲ. ಕೊಂಬೆ ಸರಿಯಾಗಿ ಕತ್ತರಿಸಿದ್ದಾರಾ, ಗಾಯಕ್ಕೆ ಪೇಸ್ಟ್ ಹಚ್ಚಿದ್ದಾರಾ, ಹೆಚ್ಚಾದ ಚಿಗುರು ತೆಗೆದಿದ್ದಾರಾ ಅಂತ ನೋಡಬೇಕು.

ಉದ್ಯೋಗದ ತರಬೇತಿ ಕೊಡುವವರಿಗೂ ಒಂದು ಮಾತು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಸೇರಿದ ದಿನವೇ ಕೆಲಸ ಸಿಕ್ಕಿತು ಅಂತ ಲೆಕ್ಕ ಮುಗಿಸಬೇಡಿ. ಮೂರು ತಿಂಗಳ ಮೇಲೆ, ವರ್ಷದ ಮೇಲೆ ಫೋನ್ ಮಾಡಿ. ಬಿಟ್ಟು ಬಂದಿದ್ದರೆ ಯಾಕೆ ಅಂತ ಕೇಳಿ. ರಾತ್ರಿ ಪಾಳಿ, ಕಂಪನಿ ಬಸ್ಸು ಊರಿನವರೆಗೆ ಬರದಿರುವುದು, ಹಾಸ್ಟೆಲ್ ಖರ್ಚು, ಇಂಥ ಕಾರಣಗಳೇ ಜಾಸ್ತಿ ಬರುತ್ತವೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಸೇರಿ 1982ರಲ್ಲಿ ಉಜಿರೆಯಲ್ಲಿ ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಬಂದ ಆರ್‌ಸೆಟಿಗಳಿಗೆ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ) ಅದೇ ಮಾದರಿ. ಅಲ್ಲಿ ತರಬೇತಿ ಮುಗಿದ ಮೇಲೂ ಎರಡು ವರ್ಷ ಕೈಹಿಡಿದು ನಡೆಸಬೇಕು ಅನ್ನುವ ನಿಯಮ ಇದೆ. ನನ್ನ ಮಟ್ಟಿಗೆ ಆ ಮಾದರಿಯ ಜೀವ ಇರುವುದೇ ಅಲ್ಲಿ.

ತರಬೇತಿಯ ಫಲ ನೋಡುವುದನ್ನು ಹೊಸದಾಗಿ ಶುರು ಮಾಡುವವರಿಗೆ, ಇದೇ ವಿಷಯದ ತಜ್ಞರಾದ ರಾಬರ್ಟ್ ಬ್ರಿಂಕರ್‌ಹಾಫ್ ಹೇಳಿದ ವಿಧಾನ ಹೊಂದುತ್ತದೆ. ಎಲ್ಲರಿಗೂ ಫೋನ್ ಮಾಡಿ ಒಂದೆರಡು ಪ್ರಶ್ನೆ ಕೇಳಿ. ಚೆನ್ನಾಗಿ ಬಳಸಿಕೊಂಡ ನಾಲ್ಕೈದು ಜನ, ಏನೂ ಬಳಸದ ನಾಲ್ಕೈದು ಜನ ಸಿಗುತ್ತಾರೆ. ಅವರ ಮನೆಗಳಿಗೆ ಮಾತ್ರ ಹೋಗಿ, ಕೂತು ಮಾತಾಡಿ, ಹೇಳಿದ್ದನ್ನು ಕಣ್ಣಾರೆ ನೋಡಿ. ಗೆದ್ದವರ ಮನೆಯಲ್ಲಿ ಏನಿತ್ತು, ಬಿಟ್ಟವರ ಮನೆಯಲ್ಲಿ ಏನಿರಲಿಲ್ಲ ಅಂತ ಪಕ್ಕಪಕ್ಕ ಬರೆದರೆ ಮುಂದಿನ ಬ್ಯಾಚ್‌ನಲ್ಲಿ ಏನು ಬದಲಾಗಬೇಕು ಅನ್ನುವುದು ಎದ್ದು ಕಾಣುತ್ತದೆ. ಬಿಟ್ಟವರ ಮನೆಗೆ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ನಮ್ಮ ಯಶೋಗಾಥೆಯ ಪುಸ್ತಕಗಳಲ್ಲಿ ಅವರು ಇರುವುದೇ ಇಲ್ಲ.

ಮಾತು ಮುಗಿಸಿದ ಮೇಲೆ ಒಬ್ಬ ಅಕ್ಕ ಎದ್ದು ಕೇಳಿದರು: ‘ಇಷ್ಟೆಲ್ಲ ನೋಡಿ ಫಲ ಇಲ್ಲ ಅಂತ ಗೊತ್ತಾದರೆ, ಅದನ್ನು ಬರೆದರೆ, ಮುಂದಿನ ವರ್ಷ ತರಬೇತಿಯನ್ನೇ ನಿಲ್ಲಿಸಿಬಿಟ್ಟರೆ?’

ಈ ಭಯ ನಿಜವಾದದ್ದು, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದ್ದರಿಂದ ‘ಫಲ ಇಲ್ಲ’ ಅಂತ ಒಂದೇ ಸಾಲು ಬರೆಯಬೇಡಿ. 30 ಜನರಲ್ಲಿ ಎಷ್ಟು ಜನ ಮಾಡಿದರು, ಮಾಡದವರಿಗೆ ಏನು ಅಡ್ಡ ಬಂತು, ಅದಕ್ಕೆ ಎಷ್ಟು ಖರ್ಚಾಗುತ್ತದೆ, ಇಷ್ಟನ್ನೂ ಬರೆಯಿರಿ. ಆ ರೇಷ್ಮೆ ಮನೆಗೆ ಬೇಕಿದ್ದದ್ದು ಒಂದು ಜೊತೆ ಚಪ್ಪಲಿ. ಹಾಗೆ ಬರೆದ ವರದಿಯನ್ನು ನೋಡಿ ಯಾವ ಅಧಿಕಾರಿಯೂ ತರಬೇತಿ ನಿಲ್ಲಿಸಲು ಹೊರಡುವುದಿಲ್ಲ, ಚಪ್ಪಲಿ ಕೊಡಿಸಲು ಹೊರಡುತ್ತಾರೆ ಅಂತ ನಂಬಿದ್ದೇನೆ. ಜೊತೆಗೆ ಮುಂದಿನ ಬ್ಯಾಚ್‌ಗೆ ಗಂಡ ಹೆಂಡತಿ ಇಬ್ಬರನ್ನೂ ಕರೆಯಲು ಅನುಮತಿ ಕೇಳಿ.

ಇನ್ನೊಬ್ಬರ ಪ್ರಶ್ನೆ ದುಡ್ಡಿನದು. ಮನೆಮನೆಗೆ ಓಡಾಡಲು ಬಜೆಟ್‌ನಲ್ಲಿ ಒಂದು ರೂಪಾಯಿಯೂ ಇಲ್ಲ ಅಂದರು.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. 30 ಜನರಿಗೆ ಐದು ದಿನದ ತರಬೇತಿ, ಖರ್ಚು 60,000 ರೂಪಾಯಿ. ತಲೆಗೆ 2,000 ಬಿತ್ತು ಅನ್ನುತ್ತೇವೆ. ಆದರೆ ಕಲಿತದ್ದನ್ನು ಮಾಡಿದವರು ಆರೇ ಜನ ಆಗಿದ್ದರೆ, ಬದಲಾದ ಒಂದು ಮನೆಗೆ ಖರ್ಚಾದದ್ದು 10,000. ಈಗ ಐದು ದಿನವನ್ನು ನಾಲ್ಕಕ್ಕೆ ಇಳಿಸಿ. ಐದನೇ ದಿನ ಹೇಗೂ ಉದ್ಘಾಟನೆಗೆ ಬಾರದವರು ಸಮಾರೋಪಕ್ಕೆ ಬಂದು ಭಾಷಣ ಮಾಡುವುದರಲ್ಲಿ ಅರ್ಧ ಹೋಗುತ್ತದೆ. ಆ ದಿನದ ಊಟ, ಸಭಾಂಗಣದ ಬಾಡಿಗೆ, ಗೌರವಧನ ಸೇರಿ ಉಳಿಯುವುದು ಸುಮಾರು 12,000. ಒಂದು ಬೈಕು, ಪೆಟ್ರೋಲು, ಎರಡು ಸುತ್ತಿನ ಭೇಟಿ, ಇಷ್ಟಕ್ಕೆ ಅದು ಸಾಕು. ಮೊದಲ ಸುತ್ತು ಹುಳ ಎರಡನೇ ಜ್ವರ ಎದ್ದ ಮೇಲೆ, ಎರಡನೇ ಸುತ್ತು ಗೂಡು ಬಿಡಿಸುವ ವಾರ. ಐದನೇ ದಿನವನ್ನು ಭೇಟಿಗೆ ಬದಲಾಯಿಸಿಕೊಳ್ಳುತ್ತೇವೆ ಅಂತ ಪ್ರಸ್ತಾವನೆಯಲ್ಲೇ ಬರೆದು ಮಂಜೂರಾತಿ ಕೇಳಿ. ಆ ಪ್ರಸ್ತಾವನೆಯ ಕರಡು ಬರೆಯಲು ಯಾರಿಗೆ ಸಹಾಯ ಬೇಕೋ ಅವರು ಊಟ ಆದ ಮೇಲೆ ಇಲ್ಲೇ ಉಳಿಯಿರಿ, ಕೂತು ಬರೆಯೋಣ.